ಬಿತ್ತನೆ ಬೀಜ ಮುಟ್ಟಿದ ಕೈ

ನಮ್ಮ ಕೊಂಡ್ಲಹಳ್ಳಿಯಲ್ಲಿ ಶೇಂಗಾ ಬಿತ್ತುವ ಮುಂಚೆ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತು ಕಾಯಿ ಸುಲಿಯುತ್ತೇವೆ. ಸುಲಿಯುತ್ತಾ ಬಾಯಿಗೂ ಹಾಕಿಕೊಳ್ಳುತ್ತೇವೆ, ಊರವರ ಸೊಸೆಯರನ್ನೂ ಆಡಿಕೊಳ್ಳುತ್ತೇವೆ. ಆಮೇಲೆ ಬೀಜ ಕೊಳೆಯದಿರಲೆಂದು ಔಷಧಿಯ ಕೆಂಪು ಪುಡಿ ಕಲಸುತ್ತೇವೆ. ಔಷಧಿ ಅನ್ನುವುದು ಬಾಯಿಮಾತಿಗೆ, ಅದು ವಿಷ. ನಮ್ಮ ಮನೆಯಲ್ಲಿ ಅದನ್ನು ಕಲಸುವ ಕೆಲಸ ನನ್ನದು.

ಎರಡು ವರ್ಷದ ಹಿಂದಿನ ಮುಂಗಾರಿನಲ್ಲಿ, ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಾಗ, ಆ ಪುಡಿ ನನ್ನ ಕೈಯಿಂದ ಹೋಗಲೇ ಇಲ್ಲ. ಕಣ್ಣಿಗೆ ಕಾಣುವ ಕೆಂಪು ಮೊದಲ ಸೋಪಿಗೇ ಹೋಯಿತು. ಕಾಣದ್ದು ಉಳಿಯಿತು. ಉಗುರಿನ ಸಂದಿಯಲ್ಲಿ ಇದ್ದೇ ಇದೆ ಅನ್ನಿಸುತ್ತಿತ್ತು. ಕೈ ತೊಳೆಯಲು ನಲ್ಲಿ ಮುಟ್ಟಿದೆನಲ್ಲ, ಅದಕ್ಕೂ ಹತ್ತಿತು ಅಂತ ನಲ್ಲಿ ತೊಳೆದೆ. ನಲ್ಲಿ ತೊಳೆದ ಕೈಯನ್ನು ಮತ್ತೆ ತೊಳೆದೆ. ಇದು ಅರ್ಥವಿಲ್ಲದ್ದು ಎಂದು ನನಗೂ ಗೊತ್ತಿತ್ತು. ಗೊತ್ತಿದ್ದರೆ ಭಯ ಬಿಟ್ಟುಹೋಗುತ್ತದೆ ಎನ್ನುವವರನ್ನು ಕಂಡರೆ ಈಗಲೂ ಮೈ ಉರಿಯುತ್ತದೆ.

ಮಗಳಿಗೆ ಕೈತುತ್ತು ಕೊಡುವುದನ್ನು ನಿಲ್ಲಿಸಿದೆ. ಅತ್ತೆಯೇ ಮುದ್ದೆ ಚಿಕ್ಕದಾಗಿ ಮುರಿದು ಸಾರಲ್ಲಿ ಅದ್ದಿ ತಿನ್ನಿಸುತ್ತಿದ್ದರು.

"ಏನೇ ಇದು ನಿನ್ ಮಡಿ? ಹೆತ್ತ ಮಗಳಿಗೆ ಒಂದ್ ತುತ್ತು ಇಕ್ಕಾಕೆ ನಿಂಗೇನ್ ಧಾಡಿ?" ಎಂದು ಬೈಯುತ್ತಿದ್ದರು.

"ನೀವು ತಿನ್ಸಿದ್ರೇನೇ ತಿಂತಾಳ್ರೀ" ಎಂದು ಹಲ್ಲು ಕಿರಿಯುತ್ತಿದ್ದೆ. ನನ್ನ ಕೈಯಿಂದಲೇ ನನ್ನ ಮಗಳು ಸಾಯುತ್ತಾಳೆ ಎಂದು ಯಾರ ಮುಂದೆ ಹೇಳಲಿ?

ಒಂದು ದಿನ ಅತ್ತೆ ನಾಮಕರಣಕ್ಕೆಂದು ದೇವಸಮುದ್ರಕ್ಕೆ ಹೋದರು. ಮನೆಯವರು ಹೊಲದಲ್ಲಿದ್ದರು. ಮಗಳಿಗೆ ಹಸಿವು. ಚಮಚ ಹಿಡಿದರೆ ಬಾಯಿ ಬಿಗಿದುಕೊಂಡು ಅಳುತ್ತಾಳೆ. ನಾನು ಬಚ್ಚಲಿಗೆ ಓಡಿ ಕೈ ತೊಳೆದು ಬರುತ್ತೇನೆ, ತಟ್ಟೆಯ ಮುಂದೆ ಕೂತ ಕೂಡಲೇ ಬಾಗಿಲ ಚಿಲಕ ಮುಟ್ಟಿದ್ದು ನೆನಪಾಗುತ್ತದೆ, ಮತ್ತೆ ಓಡುತ್ತೇನೆ. ಹಾಗೆ ಒಂದು ಸಲ ಬರುವಷ್ಟರಲ್ಲಿ ಅಳು ನಿಂತಿತ್ತು. ಮಗಳು ಮಂಚದ ಕೆಳಗೆ ಕೂತು ಏನನ್ನೋ ಚೀಪುತ್ತಿದ್ದಳು. ಬೆರಳು ಹಾಕಿ ತೆಗೆದೆ. ಅರ್ಧ ಶೇಂಗಾ ಬೀಜ.

ಸುಲಿಯುವಾಗ ಸಿಡಿದದ್ದೋ, ಪುಡಿ ಕಲಸಿದ್ದೋ? ಶೇಂಗಾ ಬೀಜದ ಸಿಪ್ಪೆಯೂ ಕೆಂಪು, ವಿಷವೂ ಕೆಂಪು. ಜೊಲ್ಲಲ್ಲಿ ನೆಂದ ಮೇಲೆ ಬ್ರಹ್ಮ ಬಂದರೂ ಗುರುತು ಹಿಡಿಯಲಾರ. ಬೀಜವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಮಗಳನ್ನೆತ್ತಿಕೊಂಡು, ಮೊಳಕಾಲ್ಮುರಿನ ಬಸ್ಸು ಹತ್ತಿದೆ.

"ಏಮಮ್ಮಾ, ಪಾಪಂಗೆ ಹುಷಾರಿಲ್ವಾ?" ಎಂದ ಕಂಡಕ್ಟರ್. ಇವನಿಗೆ ನನಗೆ ಕಾಣದ್ದೇನೋ ಕಂಡಿರಬೇಕು ಎಂದು ಮಗಳ ಮುಖವನ್ನು ನನ್ನ ಕಡೆ ತಿರುಗಿಸಿಕೊಂಡೆ. ದಾರಿಯುದ್ದಕ್ಕೂ ಅವಳ ತುಟಿಯಲ್ಲಿ ನೊರೆ ಹುಡುಕಿದೆ. ಅವಳು ಕಿಟಕಿಯಾಚೆಯ ಕುರಿಗಳಿಗೆ ಕೈ ಬೀಸುತ್ತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಳ ಕಣ್ಣು, ನಾಲಿಗೆ, ಹೊಟ್ಟೆ ನೋಡಿದರು. ಬೀಜವನ್ನು ಬಿಳಿ ಹತ್ತಿಗೆ ಉಜ್ಜಿ ನೋಡಿದರು, ಬಣ್ಣ ಹತ್ತಲಿಲ್ಲ. ಆದರೂ ಸಂಜೆಯವರೆಗೆ ಕೂರಿಸಿಕೊಂಡು, "ಮಗೀಗೇನೂ ಆಗಿಲ್ಲ" ಎಂದರು. ಆಮೇಲೆ ನನ್ನ ಅಂಗೈಯನ್ನು ಬೆಳಕಿಗೆ ತಿರುಗಿಸಿದರು. ಚರ್ಮ ಬಿರಿದು ರಕ್ತ ಒಸರುತ್ತಿತ್ತು.

"ಇದೇನಮ್ಮ ಇದು? ಯಾವಾಗಿಂದ ಹಿಂಗೈತೆ?"

ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅಷ್ಟು ಜನರೆದುರು ಅತ್ತುಬಿಟ್ಟೆ, ಎಲ್ಲ ಹೇಳಿದೆ. ಅವರು ನಗಲಿಲ್ಲ.

"ಇದೂ ಒಂದು ಕಾಯಿಲೇನೇ. ಮಡೀನೂ ಅಲ್ಲ, ಹುಚ್ಚೂ ಅಲ್ಲ. ಚಳ್ಳಕೆರೆಗೆ ಮನಸ್ಸಿನ ಡಾಕ್ಟ್ರು ಬರ್ತಾರೆ, ಹೋಗಿ ತೋರ್ಸು."

ಈಗ ಚಳ್ಳಕೆರೆಗೆ ಹೋಗಿ ಬರುತ್ತಿದ್ದೇನೆ. ಮಾತ್ರೆ ಇದೆ, ಮಾತಿದೆ, ಬೀಜ ಕಲಸುವುದನ್ನು ಮನೆಯವರು ವಹಿಸಿಕೊಂಡಿದ್ದಾರೆ. ಭಯ ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ.

ಆಸ್ಪತ್ರೆಯಿಂದ ಹೊರಟ ಆ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಕೊಂಡೆ. ಬಸ್ಸು ಹತ್ತುವಾಗ ಕಂಬಿ ಹಿಡಿದಿದ್ದೆ, ಟಿಕೆಟ್ ಮುಟ್ಟಿದ್ದೆ, ಸುತ್ತ ಎಲ್ಲೂ ನೀರಿರಲಿಲ್ಲ. ಮಗಳು ಬಾಯಿ ತೆರೆದು ಕಾಯುತ್ತಿದ್ದಳು. ಕಣ್ಣು ಮುಚ್ಚಿ ಒಂದು ಚೂರು ಮುರಿದು ಇಟ್ಟೆ. ತಿಂದಳು, ಇನ್ನೂ ಕೇಳಿದಳು, ಪೂರ್ತಿ ತಿಂದು ನನ್ನ ಮಡಿಲಲ್ಲಿ ನಿದ್ದೆ ಹೋದಳು. ಅಷ್ಟು ಗಾಢವಾದ ನಿದ್ದೆ ನೋಡಿ ಹೆದರಿಕೆಯಾಯಿತು. ಊರು ಬರುವವರೆಗೂ ಅವಳ ಮೂಗಿನ ಕೆಳಗೆ ಬೆರಳಿಟ್ಟುಕೊಂಡೇ ಕೂತಿದ್ದೆ.