ಎಂಟು ಏಣಿನ ಬೆಂಡೆ

ಅರುವತ್ತೇಳು ವರ್ಷದ ಗಂಡಸೊಬ್ಬ ಬೆಳಗ್ಗೆ ಎದ್ದು, ಹಲ್ಲುಜ್ಜುವುದಕ್ಕೂ ಮೊದಲು ಅಡುಗೆಮನೆಗೆ ಹೋಗಿ, ಒಂದು ಬೆಂಡೆಗಿಡದ ಮುಂದೆ ನಿಂತು "ಹೇಗುಂಟು?" ಎಂದು ವಿಚಾರಿಸುತ್ತಾನೆ ಎಂದರೆ ನೀವು ನಗುತ್ತೀರಿ. ನಗಿ, ಬೇಡ ಎನ್ನುವುದಿಲ್ಲ. ಠಾಣೆಯಾಚೆಯ ಠಾಕುರ್ಲಿಯಲ್ಲಿ ಅವನಿದ್ದ ಫ್ಲ್ಯಾಟುಗಳ ಸೊಸೈಟಿಯವರೂ ನಕ್ಕಿದ್ದರು. ಕಿಟ್ಟಣ್ಣನ ಕಥೆ ಪೂರ್ತಿ ಕೇಳಿದ ಮೇಲೂ ನಗು ಬಂದರೆ ಆಮೇಲೆ ನನಗೆ ಹೇಳಿ.

ಕಿಟ್ಟಣ್ಣ ಉಡುಪಿ ಕಡೆಯವನು. ಠಾಣೆ ಸ್ಟೇಷನ್ ಹತ್ತಿರದ ಒಂದು ಹೋಟೆಲಿನ ಕೌಂಟರಿನಲ್ಲಿ ನಿಂತು, ಅಡುಗೆಮನೆಯಿಂದ ಹೊರಗೆ ಹೋಗುವ ಪ್ಲೇಟುಗಳನ್ನು ಮೂವತ್ತೊಂಬತ್ತು ವರ್ಷ ಎಣಿಸಿದವನು. ಇಷ್ಟು ಇಡ್ಲಿ, ಇಷ್ಟು ವಡೆ, ಇಷ್ಟು ದೋಸೆ. ಬೆಳಗಿನ ಗಲಾಟೆಯಲ್ಲೂ ಅವನ ಎಣಿಕೆ ಒಂದು ದಿನವೂ ತಪ್ಪಿದ್ದಿಲ್ಲ. ಮಾತು ಮಾತ್ರ ಬಹಳ ಕಡಿಮೆ. ಯಾರು ಏನೇ ಅಂದರೂ ಅವನ ಉತ್ತರ ಎರಡೇ ಶಬ್ದದ್ದು: "ಆಯ್ತು ಬಿಡಿ." ಮನೆಯ ಮಾತನ್ನೆಲ್ಲ ಅವನ ಪಾಲಿಗೂ ಸೇರಿಸಿ ಹೆಂಡತಿ ಪುಷ್ಪಾವತಿಯೇ ಆಡುತ್ತಿದ್ದಳು.

ಪುಷ್ಪಾವತಿ ಮದುವೆಯಾಗಿ ಠಾಕುರ್ಲಿಗೆ ಬಂದಾಗ ಅವಳ ಅಮ್ಮ ಸೆರಗಿನ ತುದಿಗೆ ಒಂದು ಹಿಡಿ ಬೆಂಡೆಬೀಜ ಕಟ್ಟಿ ಕಳಿಸಿದ್ದಳು. ಆ ಅಮ್ಮನಿಗೆ ಅವಳ ಅಮ್ಮ ಹಾಗೆಯೇ ಕಟ್ಟಿ ಕಳಿಸಿದ್ದಳಂತೆ. ಪೇಟೆಯಲ್ಲಿ ಸಿಗುವ ಬೆಂಡೆಗೆ ಐದು ಏಣು. ಇದಕ್ಕೆ ಎಂಟು. ಸುತ್ತ ಬೆರಳಾಡಿಸಿದರೆ ಒಂದೊಂದು ಏಣೂ ಬೇರೆಬೇರೆಯಾಗಿ ಸಿಗುತ್ತದೆ. ಠಾಕುರ್ಲಿಯ ಮೂರನೇ ಮಾಳಿಗೆಯಲ್ಲಿ ಮಣ್ಣೆಲ್ಲಿಂದ ತರುವುದು? ಪುಷ್ಪಾವತಿ ಅದಕ್ಕೆಲ್ಲ ಜಗ್ಗುವ ಹೆಂಗಸಲ್ಲ. ಪೈಂಟಿನ ಖಾಲಿ ಡಬ್ಬಗಳಿಗೆ ಮಣ್ಣು ತುಂಬಿಸಿ, ಕಿಟಕಿಯ ಗ್ರಿಲ್ಲಿನಲ್ಲಿ ಸಾಲಾಗಿ ಇಟ್ಟಳು. ಪ್ರತಿ ಮಳೆಗಾಲ ಬೆಂಡೆ ಆಯಿತು. ಮೊದಲ ಕಾಯಿ ಕೊಯ್ದ ದಿನ ಮಗಳು ಮಾನಸಿಯನ್ನು ಅಡುಗೆಕಟ್ಟೆಯ ಮೇಲೆ ಕೂರಿಸಿ, ಬೆಂಡೆಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, "ಒಂದು, ಎರಡು, ಮೂರು" ಎಂದು ಎಣಿಸುತ್ತಿದ್ದಳು. "ಎಂಟು!" ಎಂದು ಮಗು ಕೂಗಿದ ಮೇಲೆಯೇ ಒಗ್ಗರಣೆ.

ಗಿಡದ ಅತ್ಯಂತ ಚಂದದ ಕಾಯಿಗೆ ಅವಳು ಹಳೇ ಸೀರೆಯ ಚೂರೊಂದನ್ನು ಕಟ್ಟುತ್ತಿದ್ದಳು. ಅದು ಬೀಜಕ್ಕೆ ಬಿಟ್ಟದ್ದು. ಬಟ್ಟೆ ಕಟ್ಟಿದ ಕಾಯಿಗೆ ಯಾರೂ ಕೈ ಹಾಕುವ ಹಾಗಿಲ್ಲ, ಅವಳ ಊರಿನಲ್ಲಿ ಆಡು ಮೇಯಿಸುವ ಹುಡುಗರಿಗೂ ಅದು ಗೊತ್ತು. ಕಾಯಿ ಗಿಡದಲ್ಲೇ ಒಣಗಿ ಒಡೆಯುವ ಹೊತ್ತಿಗೆ ಬೀಜ ಬಿಡಿಸಿ, ಬೂದಿಯಲ್ಲಿ ಹೊರಳಿಸಿ, ಹಾರ್ಲಿಕ್ಸ್ ಬಾಟಲಿಗೆ ತುಂಬುತ್ತಿದ್ದಳು. ಗ್ಯಾಸಿನ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು? ಕೆಳಗೆ ಇದ್ದಿಲಿನ ಇಸ್ತ್ರಿ ಹಾಕುವವನಿಂದ ಕೇಳಿ ತರುತ್ತಿದ್ದಳು.

ನಾಲ್ಕು ವರ್ಷದ ಹಿಂದೆ ಮಾನಸಿಯ ಮದುವೆಯಾಯಿತು. ಖಾರಘರದಲ್ಲಿ ಹತ್ತೊಂಬತ್ತನೇ ಮಾಳಿಗೆ, ಗಂಡ ಹೆಂಡತಿ ಇಬ್ಬರಿಗೂ ಆಫೀಸು. ಮದುಮಗಳು ಹೊರಡುವಾಗ ಪುಷ್ಪಾವತಿ ಬೀಜದ ಗಂಟು ಹಿಡಿದು ಬಂದಳು. ಮಾನಸಿ ನಕ್ಕುಬಿಟ್ಟಳು.

"ಅಮ್ಮಾ, ಪ್ಲೀಸ್! ಅಲ್ಲಿ ನಾನು ಬೆಂಡೆ ಎಲ್ಲಿ ನೆಡಲಿ? ಲಿಫ್ಟಿನಲ್ಲಾ? ಸಬ್ ಹಸೇಂಗೇ, ಎಲ್ಲರೂ ನಗ್ತಾರೆ. ನೀವೇ ಇಟ್ಕೊಳ್ಳಿ."

ಪುಷ್ಪಾವತಿಯೂ ನಕ್ಕಳು. ಗಂಟು ಬಿಚ್ಚಿ ಬೀಜವನ್ನು ಮತ್ತೆ ಬಾಟಲಿಗೆ ಹಾಕಿದಳು. ಆ ದಿನ ಸಂಜೆಯವರೆಗೆ ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಮಾತೇ ಆಡದ ಕಿಟ್ಟಣ್ಣನಿಗೂ ಅದು ಗೊತ್ತಾಯಿತು.

ಆಮೇಲೆ ಅವಳಿಗೆ ಕಾಯಿಲೆ ಹಿಡಿಯಿತು. ಎರಡು ಮಳೆಗಾಲ ಬೆಂಡೆ ಹಾಕುವ ತ್ರಾಣ ಇರಲಿಲ್ಲ. ಕಳೆದ ವರ್ಷ ಚೌತಿ ಕಳೆದ ಮರುವಾರ ಹೋಗಿಬಿಟ್ಟಳು. ಕಿಟ್ಟಣ್ಣ ಕ್ರಿಯೆ ಮುಗಿಸಲು ಊರಿಗೆ ಹೋಗಿ ಬರುವಷ್ಟರಲ್ಲಿ, ಗೋಡೆ ಸೋರುತ್ತದೆ ಎಂದು ಸೊಸೈಟಿಯವರು ಎಲ್ಲ ಮನೆಗಳ ಗ್ರಿಲ್ಲು ಕಿತ್ತು, ಡಬ್ಬಗಳನ್ನು ಗುಜರಿಗೆ ಹಾಕಿದ್ದರು. ಇನ್ನು ಕಿಟಕಿಯಲ್ಲಿ ಕುಂಡ ಇಡುವ ಹಾಗಿಲ್ಲ ಎಂದು ನೋಟಿಸು ಬೇರೆ. ಬೋಳು ಕಿಟಕಿಯನ್ನು ನೋಡಿ ಕಿಟ್ಟಣ್ಣ "ಆಯ್ತು ಬಿಡಿ" ಎಂದ.

ಮಾನಸಿ ವಾರ ವಾರ ಬರುತ್ತಿದ್ದಳು. ಒಂದು ದಿನ ಅಡುಗೆಮನೆಯಲ್ಲಿ ಆ ಹಾರ್ಲಿಕ್ಸ್ ಬಾಟಲಿ ಕಣ್ಣಿಗೆ ಬಿದ್ದು, ಅಲ್ಲೇ ಕಟ್ಟೆಗೆ ಒರಗಿ ಅಳತೊಡಗಿದಳು. "ಅಮ್ಮ ಕೊಡ್ಲಿಕ್ಕೆ ಬಂದಾಗ ನಾನು ನಗಾಡಿದೆ ಪಪ್ಪಾ. ಕೈ ಒಡ್ಡಿದ್ದರೆ ನನ್ನದೇನು ಹೋಗ್ತಿತ್ತು?"

ಕಿಟ್ಟಣ್ಣನಿಗೆ ಸಮಾಧಾನ ಹೇಳಲು ಬರುವುದಿಲ್ಲ. ಆದರೆ ಆ ಗಳಿಗೆಯಲ್ಲಿ ಒಂದು ತೀರ್ಮಾನ ಮಾಡಿಕೊಂಡ. ಹೆಂಡತಿಯ ವರ್ಷಾಂತದ ದಿನ ಮಗಳ ಕೈಯಲ್ಲಿ ಹಿಡಿ ತುಂಬ ಹೊಸ ಬೀಜ ಇಡಬೇಕು. ಅಮ್ಮನೇ ಕೊಟ್ಟಳೆಂದು ತಿಳಿ, ಎನ್ನಬೇಕು. ಮಗಳು ಹೋದ ಮೇಲೆ ಬಾಟಲಿಯನ್ನು ಪೇಪರಿನ ಮೇಲೆ ಸುರಿದು ನೋಡಿದ. ಹುಳ ತಿಂದದ್ದನ್ನು ಬಿಟ್ಟರೆ ಹನ್ನೊಂದು ಬೀಜ. ಎರಡು ವರ್ಷ ದಾಟಿದವು.

ಆಗ ಬಂತು ಆ ಮಷೀನು. ಅಪ್ಪನಿಗೆ ಹೊತ್ತು ಹೋಗಲಿ ಎಂದು ಜನವರಿಯಲ್ಲಿ ಮಾನಸಿಯೇ ತಂದಿಟ್ಟದ್ದು. ಅಡುಗೆಕಟ್ಟೆಯ ಮೇಲೆ ಇಡುವ ಬಿಳಿ ಪ್ಲಾಸ್ಟಿಕ್ ತೊಟ್ಟಿ, ಅದಕ್ಕೊಂದು ಮುಚ್ಚಳ, ಮುಚ್ಚಳದಲ್ಲಿ ಆರು ತೂತು, ಮೇಲೆ ಕೊಡೆಯ ಹಾಗೆ ಒಂದು ದೀಪ. ಮಣ್ಣಿಲ್ಲ. ತೂತಿನಲ್ಲಿ ಸ್ಪಂಜು, ಸ್ಪಂಜಿನಲ್ಲಿ ಬೀಜ, ಕೆಳಗೆ ಗುಳುಗುಳು ಎನ್ನುವ ನೀರು. ನೀರಿಗೆ ಎರಡು ಸೀಸೆಯ ಗೊಬ್ಬರದ ದ್ರವ ಹನಿ ಹನಿ ಹಾಕಬೇಕು. ದೀಪ ತಾನೇ ಹತ್ತಿ ತಾನೇ ಆರುತ್ತದೆ.

"ಎಲ್ಲ ಆ್ಯಪ್ ನೋಡ್ಕೊಳ್ತದೆ ಪಪ್ಪಾ. ಯಾವಾಗ ನೀರು, ಯಾವಾಗ ಕ್ಲೀನಿಂಗು, ಎಲ್ಲ ನನ್ನ ಫೋನಿಗೆ ಬರ್ತದೆ. ನೀವು ಟೆನ್ಶನ್ ತಗೊಳ್ಬೇಡಿ."

ಅದರ ಜೊತೆ ಬಂದದ್ದು ಯಾವುದೋ ಪರದೇಶದ ಸೊಪ್ಪಿನ ಬೀಜ. ಕಿಟ್ಟಣ್ಣ ಮೂರು ತೂತಿಗೆ ಆ ಸೊಪ್ಪು ಹಾಕಿ, ಉಳಿದದ್ದನ್ನು ಬೆಂಡೆಗೆ ಇಟ್ಟುಕೊಂಡ. ಮೊದಲು ಐದು ಬೀಜ ನೆನೆಹಾಕಿ ಸ್ಪಂಜಿಗೆ ಸೇರಿಸಿದ. ಕೊಳೆತವು. ಫೆಬ್ರವರಿಯಲ್ಲಿ ಉಳಿದ ಆರನ್ನೂ ಹಾಕಿ, ದೇವರ ಮುಂದೆ ಕೈಮುಗಿದು ಕೂತ. ಏಳನೇ ದಿನ ಒಂದು, ಒಂದೇ ಒಂದು, ತಲೆ ಎತ್ತಿತು. "ಹೇಗುಂಟು?" ಶುರುವಾದದ್ದು ಅವತ್ತಿನಿಂದ.

ಗಿಡ ಆ ಪುಟ್ಟ ಮಷೀನಿನ ಲಗಾಮಿಗೆ ಸಿಗಲಿಲ್ಲ, ಪುಷ್ಪಾವತಿಯದ್ದೇ ಗುಣ. ದೀಪದ ಕೋಲನ್ನು ಪೂರ್ತಿ ಎತ್ತಿದರೂ ಸಾಲದೆ ಎಲೆಗಳು ದೀಪಕ್ಕೆ ತಾಗಿ ಕಂದಿದವು. ಮಾರ್ಚ್ ಕೊನೆಗೆ ಹಳದಿ ಹೂ ಅರಳಿತು. ಮುಚ್ಚಿದ ಮನೆಯೊಳಗೆ ಜೇನು ಬರುವುದು ಹೇಗೆ ಎಂದು ಕಿಟ್ಟಣ್ಣ ಕಿವಿಯ ಹತ್ತಿಕಡ್ಡಿ ತಂದು, ಕನ್ನಡಕ ಏರಿಸಿ, ಹೂವಿನೊಳಗೆ ಮೆತ್ತಗೆ ಆಡಿಸಿದ. ಪುಷ್ಪಾವತಿ ನೋಡಿದ್ದರೆ ಆ ಚಂದಕ್ಕೆ ಮೂರು ದಿನ ನಗಾಡುತ್ತಿದ್ದಳು. ಕಾಯಿ ಕಚ್ಚಿತು. ಅದು ಬೆರಳುದ್ದ ಆದ ದಿನ ಏಣು ಎಣಿಸಿದ. ಎಂಟು. ಕಿಟ್ಟಣ್ಣ ಅಡುಗೆಮನೆಯ ನೆಲದ ಮೇಲೆ ಕೂತು ಮನಸ್ಸು ಹಗುರಾಗುವಷ್ಟು ಅತ್ತ. ಹೆಂಡತಿ ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ಅವಳ ಹಸಿರು ನೂಲಿನ ಸೀರೆಯಿಂದ ಒಂದು ಚೂರು ಹರಿದು ಆ ಕಾಯಿಗೆ ಕಟ್ಟಿದ. ಆಮೇಲೆ ಇನ್ನೆರಡು ಮಿಡಿ ಬಂದವು. ಅವೂ ಬಲಿತರೆ ಬೀಜಕ್ಕೇ ಎಂದುಕೊಂಡ.

ಏಪ್ರಿಲ್ ಎರಡನೇ ವಾರ ಕಿಟ್ಟಣ್ಣನಿಗೆ ಕಣ್ಣಿನ ಪೊರೆಯ ಆಪರೇಶನ್. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಪೊರೆ ಹಾಗೇ ಉಂಟು, ಮಂಜು ಮಂಜು. ಮಾನಸಿ ರಜೆ ಹಾಕಿ ಬಂದು ಉಳಿದಳು. ಅಯ್ಯೋ ಕಿಟ್ಟಣ್ಣಾ, ಆ ಒಂದು ಮಾತು ಹೇಳಿಬಿಟ್ಟಿದ್ದರೆ! "ಮಗಾ, ಬಟ್ಟೆ ಕಟ್ಟಿದ್ದನ್ನು ಮುಟ್ಟಬೇಡ." ಹೇಳಲಿಲ್ಲ. ವರ್ಷಾಂತದ ದಿನದ ಗುಟ್ಟು ಒಡೆಯಬಾರದೆಂದು ಒಂದು. ಬಟ್ಟೆ ಕಟ್ಟಿದ ಮೇಲೆ ಹೇಳುವುದಕ್ಕೆ ಇನ್ನೇನುಂಟು ಎನ್ನುವುದು ಇನ್ನೊಂದು. ಠಾಕುರ್ಲಿಯಲ್ಲಿ ಹುಟ್ಟಿದ ಮಗಳಿಗೆ ಬಟ್ಟೆಯ ಅರ್ಥವನ್ನು ಯಾರೂ ಬಾಯಿಬಿಟ್ಟು ಕಲಿಸಿರಲಿಲ್ಲ. ಪುಷ್ಪಾವತಿ ಇರುವಷ್ಟು ದಿನ ಗಿಡಕ್ಕೆ ಕೈ ಹಾಕಲು ಅವಳು ಯಾರನ್ನಾದರೂ ಬಿಟ್ಟರಲ್ಲವೇ?

ಮರುದಿನ ಮಧ್ಯಾಹ್ನ ಮಾನಸಿ ಅಪ್ಪನನ್ನು ಊಟಕ್ಕೆ ಎಬ್ಬಿಸಿದಳು.

"ಏಳಿ ಪಪ್ಪಾ. ಆಜ್ ಸರ್ಪ್ರೈಸ್ ಹೈ."

ಕಿಟ್ಟಣ್ಣ ಬಟ್ಟಲಿಗೆ ಕೈ ಹಾಕಿದ. ಅನ್ನ, ತೆಂಗಿನಕಾಯಿ ಅರೆದು ಹಾಕಿದ ಹುಳಿ. ಹುಳಿಯಲ್ಲಿ ಒಂದು ಹೋಳು ಬೆರಳಿಗೆ ಸಿಕ್ಕಿತು. ಕಾಣದ ಕಣ್ಣಿನ ಬದಲಿಗೆ ಬೆರಳೇ ಅದನ್ನು ಹೊರಳಿಸಿ ಎಣಿಸಿತು. ಐದಾದ ಮೇಲೆ ಆರು. ಆರಾದ ಮೇಲೆ ಏಳು. ಎಂಟು.

"ಎಲ್ಲಿಯ ಬೆಂಡೆ ಮಗಾ ಇದು?"

"ನಿಮ್ಮ ಮಷೀನಿಂದು! ನೈಂಟಿ ಡೇಸ್ ಆಯ್ತು, ಎಲ್ಲ ತೆಗೆದು ಟಬ್ ಕ್ಲೀನ್ ಮಾಡಿ ಅಂತ ಆ್ಯಪ್ ಹೇಳ್ತಾ ಇತ್ತು. ಗಿಡದ ಎಲೆಯೂ ಸುಟ್ಟು ಹೋಗಿತ್ತು. ಮೂರು ಕಾಯಿ ಇತ್ತು, ಕೊಯ್ದೆ. ಒಂದು ಸ್ವಲ್ಪ ಗಟ್ಟಿ, ಅದಕ್ಕೇ ಜಾಸ್ತಿ ಬೇಯಿಸಿದೆ."

"ಗಿಡ?"

"ಬೆಳಗ್ಗೆ ಕಚರಾ ಗಾಡಿ ಬಂತಲ್ಲ, ಕೊಟ್ಟೆ." ಅವಳ ದನಿ ಸಣ್ಣದಾಯಿತು. "ಇದು ಅಮ್ಮನ ಬೆಂಡೆ ಅಲ್ವಾ ಪಪ್ಪಾ? ಬಾಟಲಿ ಖಾಲಿ ಇತ್ತು, ಅದಕ್ಕೆ ಗೊತ್ತಾಯ್ತು. ಹೆಚ್ಚುವಾಗ ತುಂಬಾ ಅಳು ಬಂತು, ಎಣಿಸ್ಲಿಕ್ಕೂ ಆಗ್ಲಿಲ್ಲ. ಅಮ್ಮ ಮಾಡಿದ ಹಾಗೆ ಆಗಿದೆಯಾ? ಹೇಳಿ ನಾ. ಅಮ್ಮ ಹೋದ ಮೇಲೆ ಇವತ್ತೇ ಮೊದಲ ಸಲ ನನಗೆ ಒಂಚೂರು ಸಮಾಧಾನ."

ಒಂದು ವಾಕ್ಯ ಸಾಕಿತ್ತು, ಅವಳು ಜನ್ಮವಿಡೀ ಅಳಲು. ಕಿಟ್ಟಣ್ಣ ಹೋಳನ್ನು ಬಾಯಿಗಿಟ್ಟ.

"ಅಮ್ಮನದ್ದೇ ರುಚಿ," ಎಂದ.

"ಸಚ್ಚೀ? ಮತ್ತೆ ಈ ಬಟ್ಟೆ ಅಮ್ಮನ ಸೀರೆಯದಲ್ವಾ? ಕಾಯಿಗೆ ಸುತ್ತಿತ್ತು. ತೊಳೆದು ಒಣಗಿಸಿದ್ದೇನೆ."

"ಗಿಡ ವಾಲಿತ್ತು. ಆಧಾರಕ್ಕೆ ಕಟ್ಟಿದ್ದೆ."

ಮಾನಸಿ ಮಜ್ಜಿಗೆ ತರಲು ಒಳಗೆ ಹೋದಾಗ ಕಿಟ್ಟಣ್ಣ ಒಂದು ಹೋಳನ್ನು ಹಿಂಡಿದ. ಬೀಜಗಳು ಬೆರಳಿಗೆ ಬಂದವು. ಮೆತ್ತಗಿದ್ದವು, ಬಲಿಯದವು, ಅದರ ಮೇಲೆ ಬೆಂದವು. ಆದರೂ ಬಟ್ಟಲಿನ ಅಂಚಿಗೆ ಒಂದೊಂದಾಗಿ ಸಾಲು ಇಟ್ಟ, ಏಳು ಬೀಜ. ಮಗಳ ಹೆಜ್ಜೆ ಕೇಳಿದ್ದೇ ಎಲ್ಲವನ್ನೂ ಅನ್ನಕ್ಕೆ ಕಲಸಿ ನುಂಗಿದ.

"ಪಪ್ಪಾ, ಇನ್ನೂ ಬೀಜ ಉಂಟಾ? ಈ ಸಲ ನಗುವುದಿಲ್ಲ. ನಾನೂ ಒಂದು ಮಷೀನು ಆರ್ಡರ್ ಮಾಡಿದ್ದೇನೆ."

"ಉಂಟು, ಉಂಟು. ಬೇರೆ ಕಡೆ ತೆಗೆದಿಟ್ಟಿದ್ದೇನೆ. ಕೊಡ್ತೇನೆ."

ಕಣ್ಣಿನ ಪಟ್ಟಿ ತೆಗೆದು ಮೂರು ವಾರ ಕಳೆದ ಮೇಲೆ ಕಿಟ್ಟಣ್ಣ ಟ್ರೇನು ಹತ್ತಿ ಕಲ್ಯಾಣಕ್ಕೆ ಹೋದ. ಮಾರ್ಕೆಟಿನ ಬೀಜದಂಗಡಿಯಲ್ಲಿ ಬೆಂಡೆಯ ಒಂದು ಪಾಕೀಟು ತೆಗೆದುಕೊಂಡ. ಇಸ್ತ್ರಿಯವನ ಹತ್ತಿರ ಬೂದಿ ಕೇಳಿದ. ಅಂಗಡಿಯವರು ಬೀಜಕ್ಕೆ ಹಚ್ಚಿದ್ದ ಗುಲಾಬಿ ಬಣ್ಣ ಹೋಗುವವರೆಗೆ ತೊಳೆದು, ಒಣಗಿಸಿ, ಬೂದಿಯಲ್ಲಿ ಹೊರಳಿಸಿ, ಮಗಳು ತೊಳೆದಿಟ್ಟ ಅದೇ ಹಸಿರು ಚೂರಿನಲ್ಲಿ ಗಂಟು ಕಟ್ಟಿದ. ಹೆಂಡತಿಯ ಫೋಟೋದ ಕಡೆ ತಲೆ ಎತ್ತಲಿಲ್ಲ.

ಖಾರಘರದ ಹತ್ತೊಂಬತ್ತನೇ ಮಾಳಿಗೆಯಲ್ಲಿ ಮಾನಸಿ ಎರಡೂ ಕೈ ಒಡ್ಡಿ ಆ ಗಂಟನ್ನು ತೆಗೆದುಕೊಂಡಳು. ಕಣ್ಣಿಗೆ ಒತ್ತಿಕೊಂಡಳು.

"ಬೀಜಕ್ಕೆ ಬಿಡುವುದು ಹೇಗೆ ಪಪ್ಪಾ? ಅಮ್ಮ ಏನೋ ಮಾಡ್ತಿದ್ದಳಲ್ಲ?"

"ಏನಿಲ್ಲ. ಕೊಯ್ಯದೆ ಬಿಟ್ಟರಾಯ್ತು."

ಸೆಪ್ಟೆಂಬರಿನಲ್ಲಿ ವರ್ಷಾಂತ ಬಂತು. ಮಾನಸಿ ತನ್ನ ಮಷೀನಿನಲ್ಲಿ ಆದ ಮೊದಲ ಬೆಂಡೆಯನ್ನು ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡು ಠಾಕುರ್ಲಿಗೆ ತಂದಳು. ಅಮ್ಮನ ಅಡುಗೆಕಟ್ಟೆಯ ಮೇಲೆಯೇ ಹೆಚ್ಚಬೇಕಂತೆ. ಮೊದಲ ಬಿಲ್ಲೆ ಕತ್ತರಿಸಿ ಅಂಗೈಯಲ್ಲಿ ಇಟ್ಟುಕೊಂಡು ಎಣಿಸತೊಡಗಿದಳು. "ಒಂದು, ಎರಡು, ಮೂರು, ನಾಲ್ಕು, ಐದು." ನಿಂತಳು. ಮತ್ತೆ ಎಣಿಸಿದಳು.

"ಪಪ್ಪಾ, ಐದೇ ಬರ್ತಾ ಉಂಟು. ಅಮ್ಮ ಎಂಟರವರೆಗೆ ಎಣಿಸ್ತಿದ್ದಳಲ್ವಾ?"

ಕಿಟ್ಟಣ್ಣನ ಕಣ್ಣು ಈಗ ಸ್ಪಷ್ಟ. ಬಿಲ್ಲೆಯ ಐದು ಮೂಲೆಯೂ ಕಾಣುತ್ತಿತ್ತು, ಮಗಳ ಮುಖದಲ್ಲಿ ಏಳುತ್ತಿದ್ದ ಅನುಮಾನವೂ ಕಾಣುತ್ತಿತ್ತು. ಗೋಡೆಯ ಮೇಲೆ ಪುಷ್ಪಾವತಿ ಮಾಲೆ ಹಾಕಿಕೊಂಡು ನಗುತ್ತಿದ್ದಳು. ಈ ಲೋಕದಲ್ಲಿ ಆ ಎಂಟು ಏಣನ್ನು ಬೆರಳಲ್ಲಿ ಬಲ್ಲವನು ಇನ್ನು ಅವನೊಬ್ಬನೇ.

"ಐದೇ ಮಗಾ," ಎಂದ. "ನೀನು ಸಣ್ಣವಳು. ನಿನಗೆ ಲೆಕ್ಕ ಬರಲಿ ಅಂತ ಅಮ್ಮ ಸುಮ್ಮನೆ ಎಂಟರವರೆಗೆ ಎಣಿಸ್ತಿದ್ದಳು."

"ಹೌದಾ?" ಮಾನಸಿಯ ಮುಖ ಅರಳಿತು. "ಅಮ್ಮ ಭೀ ನಾ!"

ಅವಳು ಉಳಿದದ್ದನ್ನು ಹೆಚ್ಚಲು ತಿರುಗಿದಳು. ಕಿಟ್ಟಣ್ಣ ಫೋಟೋದ ಕೆಳಗಿನ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಕೈ ಇಟ್ಟುಕೊಂಡು, ಒಂದೊಂದೇ ಬೆರಳು ಮಡಚಿ ಎಂಟರವರೆಗೆ ಎಣಿಸಿದ.