ಕಡವೆ ಹೆಚ್ಚಿವೆ

ಯಾರಾದರೂ ದೆವ್ವ, ಶಕುನ ಎಂದು ಮಾತು ಶುರು ಮಾಡಿದರೆ ಎದ್ದು ಕಾಫಿಗೆ ಹೋಗುತ್ತಿದ್ದವಳು ನಾನು. ನನ್ನ ಕೆಲಸವೇ ಅಂಥದ್ದು. ಕಾಡಿನಲ್ಲಿ ಹಿಕ್ಕೆ, ಹೆಜ್ಜೆಗುರುತು ಎಣಿಸಿ, ಕಡವೆಗಳು ಎಲ್ಲಿ ಉಳಿದಿವೆ, ಎಲ್ಲಿ ಅಳಿದಿವೆ ಎಂದು ವರದಿ ಬರೆಯುವುದು. ಕಂಡದ್ದನ್ನು ಮಾತ್ರ ಬರೆಯಬೇಕು, ಅನ್ನಿಸಿದ್ದನ್ನಲ್ಲ ಎಂದು ಹೊಸಬರಿಗೆ ಪಾಠ ಬೇರೆ ಹೇಳುತ್ತಿದ್ದೆ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಕಡವೆ, ಅಂದರೆ ಆ ದೊಡ್ಡ ಕಂದು ಜಿಂಕೆ, ದೊಡ್ಡ ಕಾಡುಗಳಲ್ಲಿ ಇನ್ನೂ ಇದೆ. ಚೂರುಪಾರು ಕಾಡುಗಳಲ್ಲಿ ಕಣ್ಮರೆಯಾಗುತ್ತಿದೆ. ಅಂಥ ಒಂದು ಗುಡ್ಡದ ವರದಿ ನನ್ನ ಪಾಲಿಗೆ ಬಂದಿತ್ತು. ಅಲ್ಲಿ ಕಡವೆ ಇದೆ ಎಂದರೆ ಗುಡ್ಡ ಉಳಿಯುತ್ತಿತ್ತು. ಇಲ್ಲ ಎಂದು ಬರೆದರೆ ಸಾಕು, ಕಲ್ಲುಗಣಿಯವರು ಕಾದು ಕೂತಿದ್ದರು. ನಾನು ಹೋದಾಗ ಒಂದು ಹಿಕ್ಕೆಯೂ ಸಿಕ್ಕಿರಲಿಲ್ಲ. ಕೊನೆಗೆ ಅಲ್ಲಿನ ಕಾವಲುಗಾರ ಮಾದಯ್ಯ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಿದರು: "ಕಡವೆ ಹೆಚ್ಚಿವೆ ಮೇಡಮ್ಮೋರೆ." ಕುಣಿಯುವಷ್ಟು ಖುಷಿಯಾಯಿತು. ಸಂಖ್ಯೆ ಏರುತ್ತಿದೆ ಎಂದು ಬರೆದೇಬಿಟ್ಟೆ.

ವರದಿ ಕಳಿಸಬೇಕಾದ ದಿನ, ಮೇ ತಿಂಗಳ ಮಧ್ಯಾಹ್ನ, ಚಾಮರಾಜಪೇಟೆಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತಿದ್ದೆ. ಅತ್ತೆ ದೇವರ ಮುಂದಿನ ಭರಣಿ ತೆರೆದು ನೋಡಿ, "ಕುಂಕುಮ ಹೆಚ್ಚಿದೆ ಕಣಮ್ಮ, ಸಂಜೆ ಮಾರ್ಕೆಟ್ ಕಡೆ ಹೋದ್ರೆ ತಂದ್ಬಿಡು" ಎಂದರು.

ನನ್ನ ಕೈ ಅಲ್ಲೇ ನಿಂತಿತು. ನಮ್ಮ ಮನೆಗಳಲ್ಲಿ ಕುಂಕುಮ ಮುಗಿಯುವುದಿಲ್ಲ, ಬಳೆ ಒಡೆಯುವುದಿಲ್ಲ; ಎಲ್ಲವೂ ಹೆಚ್ಚುತ್ತವೆ. ಇಲ್ಲ ಎಂಬ ಮಾತು ಬಾಯಲ್ಲಿ ಬರಬಾರದು. ಮಾದಯ್ಯನವರೂ ಹಾಗೇ ಹೇಳಿದ್ದರೆ? ಹತ್ತು ಸಲ ಫೋನ್ ಮಾಡಿದೆ, ಸಿಗಲಿಲ್ಲ. ಬರೆದದ್ದನ್ನು ಅಳಿಸಿದೆ. ಆ ಜಾಗದಲ್ಲಿ ಇಲ್ಲ ಎಂದು ಬರೆಯಲು ಹೋದರೆ ಅಳು ಬಂತು.

ಕರೆಂಟು ಹೋಗಿತ್ತು. ಬೀದಿಯ ಸದ್ದೆಲ್ಲ ಮೆಲ್ಲಮೆಲ್ಲಗೆ ದೂರ ಸರಿಯಿತು. ಎಲ್ಲಿಂದಲೋ ಒದ್ದೆ ಎಲೆಯ ವಾಸನೆ ಬಂತು. ತಲೆಯೆತ್ತಿದರೆ, ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಒಂದು ಹೆಣ್ಣು ಕಡವೆ ನಿಂತು ಬಕೆಟ್ಟಿನ ನೀರು ಕುಡಿಯುತ್ತಿತ್ತು. ಹೆದರಿಕೆಯಾಗಲಿಲ್ಲ. ಗಂಟಲಲ್ಲಿ ನೀರು ಇಳಿಯುವುದು ಕಾಣುತ್ತಿತ್ತು. ಅಗಲವಾದ ಕಿವಿಯೊಂದು ನನ್ನ ಕಡೆ ತಿರುಗಿತು. ಅಭ್ಯಾಸಬಲದಿಂದ, ಒಂದು ಎಂದು ಎಣಿಸಿದೆ. ಅದು ನಿಧಾನವಾಗಿ ತಿರುಗಿ ಮನೆಗಳ ಹಿಂಬದಿಯ ಇಕ್ಕಟ್ಟು ಸಂದಿಯತ್ತ, ಕನ್ಸರ್ವೆನ್ಸಿ ಗಲ್ಲಿಯತ್ತ, ಹೋಯಿತು. ಆ ಕಡೆಯ ಬಾಗಿಲಿಗೆ ಚಿಲಕ ಹಾಕಿತ್ತು. ಹೋಗಿ ನೋಡಿದಾಗಲೂ ಹಾಕಿಯೇ ಇತ್ತು.

ಕನಸು ಎನ್ನುತ್ತೀರಿ. ನಾನೂ ಹಾಗೇ ಹೇಳಿಕೊಂಡೆ. ಆದರೆ ಒಳಗಿನಿಂದ ಬಂದ ಅತ್ತೆ, "ಈಗ್ತಾನೆ ತುಂಬಿಸಿಟ್ಟಿದ್ದೆ, ಅರ್ಧ ಬಕೆಟ್ ನೀರು ಯಾರು ಚೆಲ್ಲಿದ್ದು?" ಎಂದು ಗೊಣಗಿದರು. ನೆಲ ಒಣಗಿತ್ತು.

'ಒಂದು ಹೆಣ್ಣು, ಕಣ್ಣಾರೆ ಕಂಡದ್ದು' ಎಂದು ಬರೆದೆ. ಎಲ್ಲಿ ಎಂಬುದರ ಮುಂದೆ ಗುಡ್ಡದ ಹೆಸರು ಹಾಕಿ ಕಳಿಸಿದೆ. ವರದಿಯಲ್ಲಿ ನಾನು ಸುಳ್ಳು ಬರೆದದ್ದು ಅದೊಂದೇ ಸಲ.

ನಾಲ್ಕು ದಿನದ ಮೇಲೆ ಮಾದಯ್ಯ ಫೋನಿಗೆ ಸಿಕ್ಕರು. ನನ್ನ ಅನುಮಾನ ನಿಜವಾಗಿತ್ತು. "ಕೊನೇದು ಒಂದು ಹೆಣ್ಣಿತ್ತು ಮೇಡಮ್ಮೋರೆ. ಶಿವರಾತ್ರಿ ಆದ್ಮೇಲೆ ಕೆರೆ ಬತ್ತೋಯ್ತು. ನೀರು ಹುಡುಕ್ಕೊಂಡು ಹೋಗಿ ಹಳೇ ಕ್ವಾರಿ ಹೊಂಡಕ್ಕೆ ಬಿತ್ತು. ನಾವೇ ಮಣ್ಣು ಮಾಡಿದ್ವಿ."

ಗುಡ್ಡ ಇನ್ನೂ ಇದೆ. ಆ ವರದಿಯನ್ನು ತಿದ್ದುವ ಅವಕಾಶ ಪ್ರತಿ ವರ್ಷ ಬರುತ್ತದೆ. ಮೊದಲಿನ ನಾನಾಗಿದ್ದರೆ ತಕ್ಷಣ ತಿದ್ದುತ್ತಿದ್ದೆ. ಈಗ ಫೈಲು ತೆರೆಯುತ್ತೇನೆ, ಓದುತ್ತೇನೆ, ಮುಚ್ಚುತ್ತೇನೆ. ನಾಚಿಕೆಯಾಗುತ್ತದೆ, ನಿಜ. ಅಂದು ಬಂದದ್ದು ಏನು, ಹೇಗೆ ಬಂತು, ನನಗೆ ಇವತ್ತಿಗೂ ತಿಳಿಯದು. ಆದರೆ ಅದಕ್ಕೆ ತುಂಬ ಬಾಯಾರಿಕೆಯಾಗಿತ್ತು. ಅಷ್ಟನ್ನಂತೂ ನಾನು ಕಣ್ಣಾರೆ ಕಂಡಿದ್ದೇನೆ.