ಫೋನು ಇಟ್ಟ ಮೇಲೆ ಬಂದ ಫೈಲು

ಕಂಪ್ಯೂಟರಿಗೆ ಮನಸ್ಸಿಲ್ಲ, ಕೆಟ್ಟರೆ ಕಾರಣ ಇದ್ದೇ ಇರುತ್ತದೆ ಎಂದು ಇಂಡಿ ಊರಿನ ನನ್ನ ಕಂಪ್ಯೂಟರ್ ಕ್ಲಾಸಿಗೆ ಬರುವವರಿಗೆಲ್ಲ ಜೋರಾಗಿ ಹೇಳುತ್ತಿದ್ದವನು ನಾನು. ಶಕುನ, ಸೂಚನೆ ಎಂದವರನ್ನು ಗೇಲಿ ಮಾಡುತ್ತಿದ್ದೆ. ಈಗಲೂ ನಂಬುತ್ತೇನೆ ಎನ್ನಲಾರೆ. ಗೇಲಿ ಮಾಡುವುದನ್ನು ಮಾತ್ರ ಬಿಟ್ಟಿದ್ದೇನೆ.

ಮನೆಯ ಫೋನಿನ ತಂತಿಯಲ್ಲೇ ಇಂಟರ್ನೆಟ್ ಬರುತ್ತಿದ್ದ ಕಾಲ ಅದು. ಇಂಟರ್ನೆಟ್ ಹಚ್ಚಿದರೆ ಫೋನು ಬಂದ್. ತಾಳಿಕೋಟೆಯ ನದಾಫ ಮಾಸ್ತರರು ಸಾಲೆಯಲ್ಲಿ ಕನ್ನಡ ಕಲಿಸುವವರು. ನಾವಿಬ್ಬರೂ ಸೇರಿ, ಎಲ್ಲರಿಗೂ ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರನ್ನು ಕನ್ನಡಕ್ಕೆ ತರುತ್ತಿದ್ದೆವು. ಫೈಲುಗಳೆಲ್ಲ ದೂರದ ಸರ್ವರಿನಲ್ಲಿ. ಇಬ್ಬರ ಕಂಪ್ಯೂಟರಿನಲ್ಲೂ ಅವುಗಳ ಪ್ರತಿ. ಅವರು ತಿದ್ದಿ ಕಳಿಸಿದ್ದು, ನಾನು ಅಪ್‌ಡೇಟ್ ಕೊಟ್ಟಾಗ ನನ್ನ ಪ್ರತಿಗೆ ಬರಬೇಕು. ಮಾಸ್ತರರಿಗೆ ಇದರ ಮೇಲೆ ಭರವಸೆಯೇ ಇರಲಿಲ್ಲ. ಕಳಿಸಿದ್ದೇ ತಡ ಫೋನು: "ಬಂತೇನೋ ತಮ್ಮಾ?" "ಬಂತ್ರಿ ಸರ" ಎನ್ನುವವರೆಗೆ ಊಟಕ್ಕೆ ಏಳುತ್ತಿರಲಿಲ್ಲ.

"ಇದೇನ್ ಲಾರಿಗೆ ಹಾಕಿದ ಮಾಲೇನ್ರಿ ಸರ?" ಎಂದು ಕಾಡಿದರೆ, "ಲಾರಿ ಆದ್ರ ಡ್ರೈವರನ ಮಾರಿಯಾದ್ರೂ ನೋಡಿರ್ತೇನಲ್ಲೋ" ಎನ್ನುತ್ತಿದ್ದರು.

ಕೆಲವು ದಿನಗಳಿಂದ ನನ್ನ ಅಪ್‌ಡೇಟ್ ತೆವಳತೊಡಗಿತ್ತು. ಒಂದು ರವಿವಾರ ಮುಂಜಾನೆ ಇದನ್ನು ಸರಿಮಾಡಿಯೇ ಏಳುತ್ತೇನೆಂದು ಕೂತೆ. ಹಿಂದೆ ಅಪ್‌ಡೇಟ್ ಅರ್ಧಕ್ಕೆ ನಿಂತಾಗ ಫೈಲುಗಳ ಮೇಲೆ ಉಳಿದುಹೋಗಿದ್ದ ಲಾಕುಗಳನ್ನು ತೆಗೆದೆ, ವೈರಸ್ ಹುಡುಕುವ ಪ್ರೋಗ್ರಾಂ ನಿಲ್ಲಿಸಿದೆ, ಕೊನೆಗೆ ಬೇರೆ ಫೋಲ್ಡರಿನಲ್ಲಿ ಹೊಸ ಪ್ರತಿಯನ್ನೇ ಇಳಿಸಿಕೊಳ್ಳತೊಡಗಿದೆ. ಉಳಿದ ಫೈಲುಗಳೆಲ್ಲ ಚುರುಕಾಗಿ ಬಂದವು. ಮಾಸ್ತರರ ಒಂದು ಫೈಲಿಗೆ ಬಂದು ನಿಂತುಬಿಟ್ಟಿತು. ಅದೇನು ದೊಡ್ಡ ಫೈಲಲ್ಲ. ಎಷ್ಟು ಸಲ ಮಾಡಿದರೂ ಅಲ್ಲೇ. ನನಗೆ ಹಟ ಹತ್ತಿತು.

"ಲೈನ್ ಬಿಡ್ರಿ, ಯಾರರ ಫೋನ್ ಹಚ್ಚತಿರ್ತಾರ" ಎಂದಳು ಹೆಂಡತಿ.

"ಇನ್ನೊಂದ್ ಸಲ" ಎಂದೆ. ಹಾಗೆನ್ನುತ್ತಲೇ ಮಧ್ಯಾಹ್ನವೂ ಇಳಿಯಿತು.

ಕಡೆಗೆ ಸಿಟ್ಟಿನಿಂದ ಲೈನು ಕಡಿದೆ. ಕೈ ತೆಗೆಯುವಷ್ಟರಲ್ಲಿ ಫೋನು ರಿಂಗಾಯಿತು. ಮುದ್ದೇಬಿಹಾಳದ ದವಾಖಾನೆಯಿಂದ ಮಾಸ್ತರರ ಹೆಂಡತಿ.

"ಮುಂಜಾನಿಂದ ಹಚ್ಚಾಕತ್ತೇವಿ ತಮ್ಮಾ, ಬರೇ ಎಂಗೇಜ್. ಅದೇನೋ ನಿನಗ ಕಳಿಸಿ ಎದ್ರು, ಎದಿ ಹಿಡಕೊಂಡು ಕುಂತ್ರು. ಇಲ್ಲಿಗೆ ತಂದ ಮ್ಯಾಲೂ ಅದನ್ನ ಕೇಳಾಕತ್ತಿದ್ರು, ಬಂತೇನು ಕೇಳು ಅಂತ. ಈಗ... ಹೋದ್ರಪ್ಪಾ."

ಆಕೆ ಫೋನಿಟ್ಟರು. ಯಾಕೋ ತಿಳಿಯದು, ಮತ್ತೆ ಲೈನು ಹಚ್ಚಿ ಅಪ್‌ಡೇಟ್ ಕೊಟ್ಟೆ. ಬೇರೆ ಏನನ್ನೂ ಬದಲಿಸಿರಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಮಾಸ್ತರರ ಆ ಫೈಲು ಬಂತು, ಅವತ್ತು ಮುಂಜಾನೆ ಕಳಿಸಿದ್ದು.

ಲೈನಿನ ದೋಷ, ಸರ್ವರಿನ ದಟ್ಟಣೆ ಎಂದು ನೀವು ಹೇಳಬಹುದು. ನಾನೂ ಹಾಗೇ ಹೇಳಿಕೊಂಡು ನೋಡಿದ್ದೇನೆ. ಆದರೆ ದಿನವಿಡೀ ಆ ಒಂದೇ ಫೈಲು ಯಾಕೆ ನಿಂತಿತು? ಲೈನು ಬಿಡು ಎಂದು ನನಗೆ ಹೇಳುತ್ತಿತ್ತೇ? ಇವತ್ತಿಗೂ ಬಗೆಹರಿದಿಲ್ಲ. ನಡುವೆ ಒಂದು ಸಲ ಲೈನು ಬಿಟ್ಟಿದ್ದರೆ ಮಾಸ್ತರರ ದನಿ ಕೇಳುತ್ತಿತ್ತು. ಫೈಲು ಬಾರದಿದ್ದರೂ ಬಂತು ಎನ್ನಬಹುದಿತ್ತು. ಆ ಸಂಕಟ ನನ್ನನ್ನು ಬಿಟ್ಟಿಲ್ಲ.

ಅವತ್ತು ಪರದೆಯ ಮುಂದೆ ಕೂತು, "ಬಂತ್ರಿ ಸರ" ಎಂದು ಗಟ್ಟಿಯಾಗಿಯೇ ಹೇಳಿದೆ.

"ಯಾರ್ ಬಂದಾರ್ರಿ?" ಎಂದಳು ಹೆಂಡತಿ, ಒಳಗಿನಿಂದ.